ಅಂಚನ್ನು ಉಜ್ಜಬೇಡಿ

ಹೋದ ತಿಂಗಳು ಹಳೇ ಸರ್ವೆ ನಕ್ಷೆಗಳ ಬಗ್ಗೆ ಬರೆಯುವಾಗ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಮನೆಯಲ್ಲಿ ಹಿರಿಯರ ಯುದ್ಧದ ಬಿಲ್ಲೆ, ಅಂದರೆ ಮೆಡಲ್, ಇದ್ದರೆ ತಿಳಿಸಿ ಅಂತ. ಹದಿನೇಳು ಕಾಗದ ಬಂದವು ಮಾರಾಯ್ರೇ. ಸರ್ವೆ ನಕ್ಷೆ ಬಗ್ಗೆ ಬಂದದ್ದು ಎರಡೇ. ಹಾಗಾಗಿ ಈ ಸಲ ಪೂರ್ತಿ ಬಿಲ್ಲೆಗಳ ವಿಷಯವೇ.

ಹೊಸ ಓದುಗರಿಗೆ ಒಂದು ಮಾತು. ನಾನು ಸೈನ್ಯದಲ್ಲಿ ಇದ್ದವನಲ್ಲ. 31 ವರ್ಷ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವನು. ಯಾವ ಕಾಗದ ಎಲ್ಲಿ ಸಿಗುತ್ತದೆ, ಯಾವುದನ್ನು ಗೆದ್ದಲು ತಿಂದಿರುತ್ತದೆ ಅನ್ನುವುದು ಮೂಗಿಗೇ ಗೊತ್ತಾಗುತ್ತದೆ, ಅಷ್ಟೆ.

ಪ್ರಶ್ನೆ: ಅಟ್ಟದ ಮೇಲಿನ ಹಳೇ ಪೆಟ್ಟಿಗೆಯಲ್ಲಿ ಒಂದು ಬೆಳ್ಳಿ ಬಿಲ್ಲೆ ಸಿಕ್ಕಿತು. ಒಂದು ಕಡೆ ರಾಜನ ಮುಖ. ಇನ್ನೊಂದು ಕಡೆ ಬಟ್ಟೆ ಇಲ್ಲದ ಗಂಡಸು ಕುದುರೆ ಮೇಲೆ ಕೂತಿದ್ದಾನೆ, 1914, 1918 ಎಂದಿದೆ. ಮುತ್ತಜ್ಜ ‘ಬಸ್ರಾಕ್ಕೆ ಹೋಗಿ ಬಂದವರು’ ಎಂದು ಅಪ್ಪ ಹೇಳುತ್ತಿದ್ದರು. ಚಿಕ್ಕಪ್ಪ ಮಾತ್ರ ಅವರು ಹೈಫಾದಲ್ಲಿ ಕುದುರೆ ಮೇಲೆ ಯುದ್ಧ ಮಾಡಿದವರು ಅನ್ನುತ್ತಾರೆ. ಅಂಚಿನಲ್ಲಿ ಏನೋ ಬರೆದಿದೆ. ಅಂಕಿ, ಆಮೇಲೆ ಡಿ, ವಿ, ಆರ್, ಆಮೇಲೆ ಹೆಸರಿನ ತರಹ ಏನೋ, ಆಮೇಲೆ ಮೈಸೂರ್. ಉಳಿದದ್ದು ಸವೆದಿದೆ. ಹುಣಸೆಹಣ್ಣು ಹಾಕಿ ತೊಳೆಯಬಹುದಾ?
(ತೀರ್ಥಹಳ್ಳಿ ತಾಲೂಕು)

ಉತ್ತರ: ಬೇಡ. ಹುಣಸೆಹಣ್ಣೂ ಬೇಡ, ವಿಭೂತಿಯೂ ಬೇಡ, ಪಾತ್ರೆ ತೊಳೆಯುವ ಪುಡಿಯಂತೂ ಮುಟ್ಟಲೇಬೇಡಿ. ದೀಪಾವಳಿಗೊಮ್ಮೆ ಬೆಳ್ಳಿ ಸಾಮಾನಿನ ಜೊತೆ ಇದನ್ನೂ ಉಜ್ಜಿ ಉಜ್ಜಿ ಆ ‘ಉಳಿದದ್ದು’ ಸವೆದಿದೆ. ರಾಜನ ಮುಖ ಸವೆದರೆ ನಷ್ಟವಿಲ್ಲ, ಅದು ಎಲ್ಲ ಬಿಲ್ಲೆಯಲ್ಲೂ ಒಂದೇ. ಲಕ್ಷಗಟ್ಟಲೆ ಬಿಲ್ಲೆಗಳಲ್ಲಿ ನಿಮ್ಮ ಮುತ್ತಜ್ಜನದು ಅಂತ ಇರುವುದು ಅಂಚಿನ ಆ ಒಂದು ಸಾಲು ಮಾತ್ರ. ಸಿಪಾಯಿಯ ನಂಬರು, ದರ್ಜೆ, ಹೆಸರು, ಪಡೆ. ನಾಲ್ಕು ಸಂಗತಿ, ಬೆರಳಗಲವೂ ಇಲ್ಲದ ಜಾಗದಲ್ಲಿ.

ನಿಮ್ಮ ಕೈಲಿರುವುದು ಬ್ರಿಟಿಷ್ ವಾರ್ ಮೆಡಲ್. ಆ ಬೆತ್ತಲೆ ಸವಾರ ಸೇಂಟ್ ಜಾರ್ಜ್, ಇಂಗ್ಲೆಂಡಿನ ರಕ್ಷಕ ಸಂತ. ಕುದುರೆ ಕಾಲಡಿ ನೋಡಿ, ಹದ್ದಿನ ಗುರುತಿನ ಗುರಾಣಿ ಇದೆ, ಅದು ಜರ್ಮನಿಯದು. ಪಕ್ಕದಲ್ಲಿ ತಲೆಬುರುಡೆಯೂ ಇರಬೇಕು. ಪಡೆಯಲ್ಲಿ ಸಿಪಾಯಿಯಾಗಿ ಸೇರಿದವರಿಗೆ ಬೆಳ್ಳಿಯದು. ಜೊತೆಯಲ್ಲಿ ಕೂಲಿ, ಚಾಕರಿಗೆ ಹೋದವರಲ್ಲಿ ಬಹಳ ಜನಕ್ಕೆ ಇದೇ ಅಚ್ಚಿನ ಕಂಚಿನ ಬಿಲ್ಲೆ. ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ, ಲೋಹದಲ್ಲಿ ಇತ್ತು.

ಈಗ ಓದುವ ಬಗೆ. ರಾತ್ರಿ ದೀಪ ಆರಿಸಿ. ಬಿಲ್ಲೆಯನ್ನು ಕಪ್ಪು ಬಟ್ಟೆಯ ಮೇಲೆ ನಿಲ್ಲಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಶಾಸನ ಓದುವವರು ಸವೆದ ಕಲ್ಲಿಗೆ ಹೀಗೇ ಬೆಳಕು ಬಿಡುತ್ತಾರೆ. ಸ್ವಲ್ಪ ಸ್ವಲ್ಪ ಉರುಳಿಸುತ್ತಾ ಫೋನಿನಲ್ಲಿ ಹತ್ತು ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಏಳುತ್ತದೆ. ಮೈಸೂರ್ ಆದ ಮೇಲೆ ಐ, ಎಸ್ ಕಂಡರೆ ‘ಇಂಪೀರಿಯಲ್ ಸರ್ವಿಸ್’ ಎಂದು ಓದಿ. ಸಂಸ್ಥಾನಗಳು ಬ್ರಿಟಿಷರ ನೆರವಿಗೆ ಅಂತ ಸಾಕಿದ್ದ ಪಡೆಗಳು ಅವು. ಅದರ ಮುಂದೆ ಎಲ್ ಬಂದರೆ ಲ್ಯಾನ್ಸರ್ಸ್, ಅಂದರೆ ಭರ್ಜಿಯ ಕುದುರೆ ಪಡೆ. ಟಿ ಬಂದರೆ ಟ್ರಾನ್ಸ್‌ಪೋರ್ಟ್.

ನನ್ನ ಲೆಕ್ಕದಲ್ಲಿ ಟಿ ಬರುತ್ತದೆ. ಯಾಕೆಂದರೆ ಡಿ, ವಿ, ಆರ್ ಅಂದರೆ ಡ್ರೈವರ್. ಲಾರಿ ನೆನಪಿಸಿಕೊಳ್ಳಬೇಡಿ. ಸಾಮಾನು ಹೊತ್ತ ಪ್ರಾಣಿಯನ್ನು, ಗಾಡಿಯನ್ನು ಹೊಡೆಯುವವನು. ಕುದುರೆ ಪಡೆಯ ಸಿಪಾಯಿಯಾಗಿದ್ದರೆ ‘ಸವಾರ್’ ಎಂದೇ ಇರುತ್ತಿತ್ತು. ಅದರ ಮೇಲೆ ‘ಬಸ್ರಾ’ ಎಂಬ ನಿಮ್ಮ ತಂದೆಯ ಮಾತೂ ಕೂಡಿಬರುತ್ತದೆ. ಬಸ್ರಾ ಇರುವುದು ಈಗಿನ ಇರಾಕಿನಲ್ಲಿ, ಆಗ ಅದು ಮೆಸಪೊಟೇಮಿಯ. ಇಂಡಿಯಾದ ಹಡಗುಗಳು ಜನರನ್ನು ಇಳಿಸುತ್ತಿದ್ದ ಬಂದರು ಅದು. ಹಾಗಾಗಿ ಒಳಗೆ ಎಷ್ಟು ದೂರ ನಡೆದಿದ್ದರೂ, ಬಾಗ್ದಾದ್ ತನಕ ಹೋಗಿದ್ದರೂ, ಊರಿಗೆ ಬಂದ ಮೇಲೆ ಎಲ್ಲವೂ ‘ಬಸ್ರಾ’. ಮೈಸೂರಿನ ಟ್ರಾನ್ಸ್‌ಪೋರ್ಟ್ ಪಡೆ ಹೋದದ್ದು ಅಲ್ಲಿಗೆ.

ಲ್ಯಾನ್ಸರ್ಸ್ ಹೋದದ್ದು ಬೇರೆ ದಿಕ್ಕಿಗೆ. 1914ರಲ್ಲಿ ಈಜಿಪ್ಟ್, ಸೂಯೆಜ್ ಕಾಲುವೆ ಕಾವಲು, ಆಮೇಲೆ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಹೈಫಾ, ಈಗಿನ ಇಸ್ರೇಲಿನ ಬಂದರು. ಆ ದಿನ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಗುಡ್ಡವನ್ನು ಹತ್ತಿ ಮೇಲಿದ್ದ ಶತ್ರುವಿನ ಫಿರಂಗಿಗಳಿಗೆ ನುಗ್ಗಿತು. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು, ಮೈಸೂರಿನವರು ಬೆನ್ನಿಗೆ ಹೋದರು. ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಈಚೆಗೆ ಮೈಸೂರು ಸೀಮೆಯಲ್ಲಿ ಯಾರ ಮುತ್ತಜ್ಜನನ್ನು ಕೇಳಿದರೂ ಹೈಫಾಕ್ಕೇ ಹೋಗಿರುತ್ತಾರೆ! ಚಿಕ್ಕಪ್ಪನ ಜೊತೆ ಜಗಳ ಬೇಡ. ಟಾರ್ಚ್ ಹಿಡಿದು ಅಂಚು ತೋರಿಸಿ, ಸಾಕು. ಐವತ್ತು ಡಿಗ್ರಿ ಹತ್ತಿರದ ಬಿಸಿಲಲ್ಲಿ ಪ್ರಾಣಿ ಹೊಡೆದುಕೊಂಡು ಬದುಕಿ ಬಂದದ್ದು ಏನು ಕಡಿಮೆಯೇ?

ಇನ್ನೊಂದು. ಹೊರಗೆ ಯುದ್ಧಭೂಮಿಗೆ ಹೋದವರಿಗೆ ಸಾಮಾನ್ಯವಾಗಿ ಒಂದಲ್ಲ, ಎರಡು ಬಿಲ್ಲೆ. ಎರಡನೆಯದು ವಿಕ್ಟರಿ ಮೆಡಲ್. ಕಂಚಿನದು, ರೆಕ್ಕೆ ಇರುವ ಹೆಂಗಸಿನ ಚಿತ್ರ, ಕಾಮನಬಿಲ್ಲಿನ ಬಣ್ಣದ ಪಟ್ಟಿ. 1915 ಮುಗಿಯುವುದರೊಳಗೆ ಹೋಗಿದ್ದರೆ ಒಂದು ಕಂಚಿನ ನಕ್ಷತ್ರವೂ ಇರುತ್ತದೆ. ಅದರಲ್ಲಿ ಹೆಸರು ಅಂಚಿನಲ್ಲಲ್ಲ, ಬೆನ್ನ ಮೇಲೆ. ಬೆಳ್ಳಿಯದು ನಿಮ್ಮ ಪಾಲಿಗೆ ಬಂದಿದ್ದರೆ ಕಂಚಿನದು ಹಿಸ್ಸೆಯಾದಾಗ ದಾಯಾದಿಗಳ ಮನೆಗೆ ಹೋಗಿರಬಹುದು. ಅಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡಿ ಕಳೆದಿರಲೂಬಹುದು. ಚಿಕ್ಕಪ್ಪನ ಅಟ್ಟವನ್ನೂ ಒಮ್ಮೆ ನೋಡಿ. ಆ ಅಂಚು ಚೆನ್ನಾಗಿ ಉಳಿದಿದ್ದರೆ ನಿಮ್ಮ ಸವೆದ ಅಕ್ಷರಕ್ಕೆ ಅಲ್ಲೇ ಉತ್ತರ.

ಪ್ರಶ್ನೆ: ಅವರ ಸರ್ವಿಸ್ ರೆಕಾರ್ಡ್ ಎಲ್ಲಿ ಸಿಗುತ್ತದೆ? ಇಂಟರ್ನೆಟ್ಟಿನಲ್ಲಿ ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಲಕ್ಷಾಂತರ ಹೆಸರು ಹಾಕಿದ್ದಾರಂತಲ್ಲ?
(ಶಿವಮೊಗ್ಗ)

ಉತ್ತರ: ಹಾಕಿದ್ದಾರೆ. ಅದು ಪಂಜಾಬಿನದು. ಲಾಹೋರ್ ಮ್ಯೂಸಿಯಮ್ಮಿನಲ್ಲಿದ್ದ ಹಳ್ಳಿವಾರು ರಿಜಿಸ್ಟರುಗಳು, 2021ರಲ್ಲಿ ಹೊರಬಂದವು. ಮೈಸೂರಿನವರನ್ನು ಅದರಲ್ಲಿ ಹುಡುಕಿದರೆ ಕಣ್ಣು ನೋವೇ ಲಾಭ.

ನೇರವಾಗಿ ಹೇಳುತ್ತೇನೆ. ಆ ಕಾಲದ ಸಾಮಾನ್ಯ ಭಾರತೀಯ ಸಿಪಾಯಿಯ ಹೆಸರಿನಲ್ಲಿ ಒಂದು ಫೈಲು ಎಲ್ಲೋ ಕಾಯುತ್ತಾ ಕೂತಿದೆ ಎಂದುಕೊಳ್ಳಬೇಡಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆ ಇದೆ, ಅದರಲ್ಲಿ ಬಿಳಿ ಅಧಿಕಾರಿಗಳ ವಿವರ ಜಾಸ್ತಿ. ಅದೇ ಊರಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಪಡೆಗಳ ವಾರ್ ಡೈರಿ ಇವೆ. ಇವತ್ತು ಎಷ್ಟು ಮೈಲಿ ನಡೆದೆವು, ಎಷ್ಟು ಪ್ರಾಣಿ ಸತ್ತವು, ಎಲ್ಲಿ ನೀರು ಸಿಕ್ಕಿತು ಎಂದು ಬರೆಯುತ್ತಾರೆ. ಸಿಪಾಯಿಯ ಹೆಸರು ಅಪರೂಪ. ಆದರೂ ಪಡೆ ಯಾವುದೆಂದು ಗೊತ್ತಾದರೆ ಅವರ ಒಂದೊಂದು ದಿನವೂ ಗೊತ್ತಾದ ಹಾಗೆ. ಅದಕ್ಕೇ ಮೊದಲು ಅಂಚು ಅನ್ನುವುದು.

ಮೈಸೂರು ಸಂಸ್ಥಾನದ ಪಡೆಯಾಗಿದ್ದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ದಿವಾನರ ಕಾಲದ ಕಡತಗಳು ಅಲ್ಲಿವೆ. ಪಟ್ಟಿಯಲ್ಲಿ ವ್ಯಕ್ತಿಯ ಹೆಸರು ಹುಡುಕಬೇಡಿ, ವಿಷಯ ಹುಡುಕಿ: ಮಿಲಿಟರಿ, ವಾರ್, ಪೆನ್ಷನ್. ಒಂದು ದಿನಕ್ಕೆ ಆಗುವ ಕೆಲಸವಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ್ದು ‘ಅಭಿಲೇಖ್ ಪಟಲ್’ ಎಂಬ ಜಾಲತಾಣ ಇದೆ, ಮನೆಯಲ್ಲೇ ನೋಡಬಹುದು.

ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ನೋಡಿ ಬನ್ನಿ. ಆ ಪಡೆ ಈಗ ಆ ಹೆಸರಲ್ಲಿ ಇಲ್ಲ. 1953ರಲ್ಲಿ ಬೇರೆ ಸಂಸ್ಥಾನಗಳ ಕುದುರೆ ಪಡೆಗಳ ಜೊತೆ ಸೇರಿ 61ನೇ ಕ್ಯಾವಲ್ರಿ ಆಯಿತು.

ಅಂಚಿನಲ್ಲಿ ‘ಎಸ್ ಅಂಡ್ ಎಂ’ ಎಂದಿದ್ದರೆ ಸ್ಯಾಪರ್ಸ್ ಅಂಡ್ ಮೈನರ್ಸ್. ಸೇತುವೆ ಕಟ್ಟುವ, ಕಂದಕ ತೋಡುವ ಪಡೆ. ಅದರ ಹಿಂದೆ 2 ಎಂಬ ಅಂಕಿ ಇದ್ದರೆ ಅದು ಬೆಂಗಳೂರಿನದೇ, ಈಗ ನಾವು ಮದ್ರಾಸ್ ಸ್ಯಾಪರ್ಸ್ ಎನ್ನುವುದು. ಇದು ಸಂಸ್ಥಾನದ ಪಡೆಯಲ್ಲ, ಬ್ರಿಟಿಷ್ ಇಂಡಿಯಾದ್ದು. ಇದಕ್ಕಾಗಿ ಪತ್ರಾಗಾರದಲ್ಲಿ ಕೂತು ಸಮಯ ಹಾಳು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಅಜ್ಜಿಯ ಅಣ್ಣ ಮೊದಲ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲವಂತೆ. ಅಜ್ಜಿ ಇರುವ ತನಕ ಹಿರಿಯರ ಹಬ್ಬದಲ್ಲಿ ಒಂದು ಎಡೆ ಜಾಸ್ತಿ ಇಡುತ್ತಿದ್ದರು. ‘ಸತ್ತ ದಿನ ಗೊತ್ತಿಲ್ಲ, ಅದಕ್ಕೆ ಇವತ್ತೇ’ ಅನ್ನುತ್ತಿದ್ದರು. ನಮ್ಮ ಹತ್ತಿರ ಬಿಲ್ಲೆ ಇಲ್ಲ, ಕಾಗದ ಇಲ್ಲ. ಹೆಸರು, ಊರು ಇಷ್ಟೇ. ಆ ಊರೂ ಈಗ ಹಿನ್ನೀರಿನಲ್ಲಿದೆ. ಏನಾದರೂ ಮಾಡಬಹುದಾ?
(ಸಾಗರ)

ಉತ್ತರ: ಅಮ್ಮಾ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆಗಬಹುದಾದ ಕೆಲಸ ಇದು. ಹೇಳಿದರೆ ಕ್ರೂರವಾಗಿ ಕೇಳಿಸುತ್ತದೆ, ಆದರೆ ಬದುಕಿ ಬಂದವರಿಗಿಂತ ಸತ್ತವರನ್ನು ಹುಡುಕುವುದು ಸುಲಭ.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆ ಇದೆ. ಎರಡೂ ಮಹಾಯುದ್ಧದಲ್ಲಿ ಮಡಿದವರ ಪಟ್ಟಿ ಅವರ ಜಾಲತಾಣದಲ್ಲಿದೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಯುದ್ಧ ಅಂದರೆ ಅವರ ಲೆಕ್ಕದಲ್ಲಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ. ಹಾಗಾಗಿ ಯುದ್ಧ ನಿಂತ ಮೇಲೆ ಜ್ವರದಲ್ಲೋ ಕಾಲರಾದಲ್ಲೋ ಸತ್ತಿದ್ದರೂ, ಆಗ ಇನ್ನೂ ಪಡೆಯಲ್ಲೇ ಇದ್ದರೆ, ಹೆಸರು ಇರುತ್ತದೆ.

ಬರೀ ಹೆಸರಿನಿಂದ ಹುಡುಕಿದರೆ ಸೋಲುತ್ತೀರಿ. ನಮ್ಮ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದ ಗುಮಾಸ್ತರು ಅವರು. ತಿಮ್ಮಪ್ಪ ಎಂಬುದನ್ನೇ ಒಂದು ‘ಎಂ’ ಹಾಕಿ, ಎರಡು ಹಾಕಿ, ‘ಎಚ್’ ಬಿಟ್ಟು, ಕೊನೆಗೆ ‘ಎ’ ನುಂಗಿ, ನಾಲ್ಕೈದು ತರಹ ಬರೆಯಬಹುದು. ಅದರ ಬದಲು ‘ಹೆಚ್ಚಿನ ವಿವರ’ ಎಂಬ ಅರ್ಥದ ಒಂದು ಖಾನೆ ಇದೆ. ಅಲ್ಲಿ ಊರು ಹಾಕಿ. ಎಷ್ಟೋ ಭಾರತೀಯ ಸಿಪಾಯಿಗಳಿಗೆ ‘ಇಂಥವರ ಮಗ, ಇಂಥ ಊರು, ಇಂಥ ತಾಲೂಕು, ಇಂಥ ಜಿಲ್ಲೆ’ ಎಂದು ಅದರಲ್ಲಿ ಬರೆದಿದ್ದಾರೆ. ‘ಶಿವಮೊಗ್ಗ’ ಎಂದು ಹಾಕಿದರೆ ಏನೂ ಬರುವುದಿಲ್ಲ. 2014ರ ತನಕ ಇಂಗ್ಲಿಷಿನಲ್ಲಿ ಅದು ಶಿಮೋಗ. ಹೊಸನಗರದವರಾದರೆ ಆಗಿನ ಕಾಗದದಲ್ಲಿ ತಾಲೂಕಿನ ಹೆಸರು ಬರೀ ‘ನಗರ್’. ಹೊನ್ನಾಳಿ, ಚನ್ನಗಿರಿಯವರು ಈಗ ದಾವಣಗೆರೆ ಜಿಲ್ಲೆ ಎಂದು ಮೋಸ ಹೋಗಬೇಡಿ. 1997ರ ತನಕ ಅವೂ ಶಿಮೋಗವೇ.

ನಿಮ್ಮ ಊರಿನ ವಿಷಯ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಿಪಾಯಿ ಹೆಸರು ಬರೆಸಿದಾಗ ಊರು ನೀರಿನ ಮೇಲೇ ಇತ್ತು, ಹಾಗಾಗಿ ಪಟ್ಟಿಯಲ್ಲಿ ಮುಳುಗಡೆಯಾದ ಊರಿನ ಹೆಸರೇ ಇರಬೇಕು. ನೀವು ಎದ್ದು ಬಂದು ನೆಲೆ ನಿಂತ ಊರಿನ ಹೆಸರು ಹಾಕಿ ಹುಡುಕಬೇಡಿ. ಹಳೇ ಊರಿನ ಹೆಸರು ಇಂಗ್ಲಿಷಿನಲ್ಲಿ ಹೇಗಿತ್ತು ಅನ್ನುವುದಕ್ಕೆ ಮುಳುಗಡೆ ಪರಿಹಾರದ ಕಾಗದ ನೋಡಿ, ಅದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ.

ಸಿಕ್ಕರೆ ಪಡೆ, ನಂಬರು, ಸತ್ತ ತಾರೀಖು, ಯಾವ ಸ್ಮಾರಕ ಎಂಬುದು ಬರುತ್ತದೆ. ಬಸ್ರಾ ಸ್ಮಾರಕ ಎಂದು ಬಂದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಆ ಸ್ಮಾರಕ 40,000ಕ್ಕೂ ಹೆಚ್ಚು ಜನರದು. ಬಿಳಿಯರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಪಡೆಯ ಹೆಸರಿನ ಕೆಳಗೆ ಎಷ್ಟು ಜನ ಎಂಬ ಅಂಕಿ ಅಷ್ಟೆ. ಹೆಸರುಗಳು ಪುಸ್ತಕದಲ್ಲಿ ಉಳಿದವು, ಕಲ್ಲಿನ ಮೇಲೆ ಬರಲಿಲ್ಲ. ಇಂಥ ತಾರತಮ್ಯ ಆಗಿದೆ ಎಂದು ಆ ಸಂಸ್ಥೆಯೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನಮ್ಮ ಶಿಕಾರಿಪುರದ ಕಡೆ ಹೋಗಿ ನೋಡಿ. ತುರುಗೊಳ್ಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ ಒಂದು ವೀರಗಲ್ಲು, ಅದರಲ್ಲಿ ಅವನ ಹೆಸರು. ಎಂಟುನೂರೋ ಸಾವಿರವೋ ವರ್ಷದ ಹಿಂದೆ ಒಬ್ಬ ಊರಗೌಡನಿಗೆ ತೋಚಿದ್ದು ಸಾಮ್ರಾಜ್ಯಕ್ಕೆ ತೋಚಲಿಲ್ಲ.

ತಾರೀಖು ಸಿಕ್ಕ ಮೇಲೆ ನಿಮ್ಮ ಮನೆಯ ಪುರೋಹಿತರ ಕೈಗೆ ಕೊಡಿ. ಹಳೇ ಪಂಚಾಂಗ ನೋಡಿ ಮಾಸ, ಪಕ್ಷ, ತಿಥಿ ತೆಗೆದುಕೊಡುತ್ತಾರೆ. ಹಬ್ಬದ ದಿನದ ಎಡೆಯನ್ನು ನಿಲ್ಲಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಾನಾದರೆ ಎರಡೂ ದಿನ ಇಡುತ್ತಿದ್ದೆ.

ಪ್ರಶ್ನೆ: ನಮ್ಮ ಎರಡು ಎಕರೆ ಗದ್ದೆ ಅಜ್ಜನ ಅಪ್ಪ ಯುದ್ಧಕ್ಕೆ ಹೋಗಿದ್ದಕ್ಕೆ ಮಹಾರಾಜರು ಕೊಟ್ಟದ್ದು ಅನ್ನುತ್ತಾರೆ. ನಿಜವೋ ಸುಳ್ಳೋ?
(ಹೊಸನಗರ)

ಉತ್ತರ: ಇದು ನನ್ನ ಹಳೇ ಅಂಗಳ. ಪಹಣಿಯ ಸರ್ವೆ ನಂಬರಿನಿಂದ ಹಿಂದಕ್ಕೆ ಹೋಗಿ. ಮ್ಯುಟೇಷನ್, ಅದರ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಮೂಲದಲ್ಲಿ ದರಖಾಸ್ತಿನಲ್ಲಿ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ ಇರಬೇಕು. ಯಾಕೆ ಕೊಟ್ಟರು ಅನ್ನುವುದು ಮಂಜೂರಾತಿ ಕಡತದಲ್ಲಿ ಇರುತ್ತದೆ. ಪಹಣಿಯಲ್ಲಿ ಇರುವುದಿಲ್ಲ. ರೆಕಾರ್ಡ್ ರೂಮಿಗೆ ಅರ್ಜಿ ಕೊಡುವಾಗ ‘ಯುದ್ಧ’ ಎಂಬ ಮಾತು ಎತ್ತಬೇಡಿ, ಹುಡುಕುವವರು ಗಾಬರಿಯಾಗುತ್ತಾರೆ. ಸರ್ವೆ ನಂಬರ್ ಮಾತ್ರ ಕೊಡಿ.

ಪ್ರಶ್ನೆ: ಅಜ್ಜ 1914ರ ಯುದ್ಧದವರು. ಅವರ ಬಿಲ್ಲೆಯಲ್ಲಿ ಸಿಂಹ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತಿದೆ. ಇನ್ನೊಂದರಲ್ಲಿ ಇಂಡಿಯಾದ ನಕ್ಷೆ ಇದೆ.
(ಭದ್ರಾವತಿ)

ಉತ್ತರ: ಎರಡನೇ ಮಹಾಯುದ್ಧ ಸ್ವಾಮಿ, 1939ರಿಂದ 45. ಸಿಂಹದ್ದು ವಾರ್ ಮೆಡಲ್, ನಕ್ಷೆಯದು ಇಂಡಿಯಾ ಸರ್ವಿಸ್ ಮೆಡಲ್. ಅಜ್ಜನ ವಯಸ್ಸನ್ನು ಇಪ್ಪತ್ತೈದು ವರ್ಷ ಇಳಿಸಿಕೊಳ್ಳಿ. ಈ ಯುದ್ಧದಲ್ಲಿ ಇಂಗ್ಲೆಂಡಿನ ಸಿಪಾಯಿಗಳಿಗೆ ಹೆಸರಿಲ್ಲದ ಬಿಲ್ಲೆ ಕೊಟ್ಟರು, ನಮ್ಮವರಿಗೆ ಹೆಸರು ಕೆತ್ತಿಯೇ ಕೊಟ್ಟರು. ಅಂಚು ನೋಡಿ. ಡಿಸ್ಚಾರ್ಜ್ ಪುಸ್ತಕ ಅಥವಾ ಪಿಂಚಣಿ ಕಾಗದ ಸಿಕ್ಕರೆ ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ನಂಬರು ಹಾಕಿ ಬರೆಯಿರಿ. ಪಿಂಚಣಿ ಇಲ್ಲದೆ ಬಿಟ್ಟು ಬಂದವರ ಕಡತವನ್ನು 25 ವರ್ಷ ಇಟ್ಟು ನಾಶ ಮಾಡುವ ನಿಯಮ ಇದೆ. ಇದು ಮೊದಲೇ ಗೊತ್ತಿರಲಿ.

ಪ್ರಶ್ನೆ: ಮೊದಲ ಯುದ್ಧದ ಬಿಲ್ಲೆಗೆ ಒಬ್ಬರು ಒಳ್ಳೆ ರೇಟು ಹೇಳಿದ್ದಾರೆ, ಹೊರದೇಶಕ್ಕೆ ಕಳಿಸುತ್ತಾರಂತೆ. ಕೊಡಬಹುದಾ?
(ಊರು ಬೇಡ ಎಂದಿದ್ದಾರೆ)

ಉತ್ತರ: ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಆಮೇಲೆ ಅವರು ರೇಟು ಕಟ್ಟುತ್ತಿರುವುದು ಬೆಳ್ಳಿಗಲ್ಲ, ಅಂಚಿನ ಹೆಸರಿಗೆ. ಅದು ನಿಮ್ಮ ಮನೆಯ ಹೆಸರು. ಹಣದ ತಾಪತ್ರಯ ಇದ್ದರೆ ನಾನು ಉಪದೇಶ ಮಾಡುವುದಿಲ್ಲ. ಕೊಡುವ ಮೊದಲು ಅಂಚಿನ ಫೋಟೊ ಮಾತ್ರ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಬೇರೆಯವರಿಗೆಲ್ಲ ಹೇಳುತ್ತೀರಿ. ನಿಮ್ಮ ಮನೆಯಲ್ಲಿ ಯಾರೂ ಹೋಗಿರಲಿಲ್ಲವಾ ಸರ್?
(ಸೊರಬ)

ಉತ್ತರ: ನಮ್ಮಜ್ಜ ಹೋಗಿದ್ದರು. ಯಾವ ಪಡೆ ಎಂದು ಗೊತ್ತಿಲ್ಲ. ಅಜ್ಜಿಗೆ ಎರಡು ಮಾತು ನೆನಪಿತ್ತು, ‘ಕಾಲುವೆ’ ಮತ್ತು ‘ಒಂಟೆ’. ಅದರ ಮೇಲೆ ಈಜಿಪ್ಟ್ ಎಂದುಕೊಂಡಿದ್ದೇನೆ. ನಿವೃತ್ತಿಯಾದ ಮೇಲೆ ಮೂರು ದಿನ ಬೆಂಗಳೂರಿನಲ್ಲಿ ಕೂತು ಕಡತ ತಿರುವಿದೆ. ಅಜ್ಜನ ಹೆಸರು ಸೀಮೆಗೆಲ್ಲ ಇರುವ ಹೆಸರು. ನಂಬರು ಇಲ್ಲದೆ ಇವರೇ ಎಂದು ಹೇಳುವ ಹಾಗಿಲ್ಲ.

ಬಿಲ್ಲೆ ಇತ್ತು. ಬೆಳ್ಳಿಯದು, ಎರಡೂವರೆ ತೊಲ. 1956ರಲ್ಲಿ ಮನೆಯಲ್ಲಿ ಮೊದಲ ಗಂಡುಮಗು ಆಯಿತು ಎಂದು ಅಜ್ಜಿ ಅದನ್ನು ಅಕ್ಕಸಾಲಿಗರಿಗೆ ಕೊಟ್ಟು ಉಡಿದಾರ ಮಾಡಿಸಿದರು. ಕರಗಿಸುವ ಮೊದಲು ಅಂಚಿನಲ್ಲಿ ಏನಿದೆ ಎಂದು ಯಾರೂ ಓದಲಿಲ್ಲ. ಇಂಗ್ಲಿಷ್ ಓದಲು ಬರುತ್ತಿದ್ದವರು ಮನೆಯಲ್ಲಿ ಯಾರಿದ್ದರು? ಆ ಮಗು ನಾನೇ. ನಾಲ್ಕು ವರ್ಷ ಆ ಅಕ್ಷರಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದೇನೆ ಅಂದ ಹಾಗಾಯಿತು.

ಈಗ ಅದು ಮೊಮ್ಮಗನ ಸೊಂಟದಲ್ಲಿದೆ. ಬಿಗಿಯಾಗುತ್ತಿದೆ ಎಂದು ಸೊಸೆ ಹೇಳುತ್ತಿದ್ದಾಳೆ. ಬರುವ ವಾರ ಗಾಂಧಿ ಬಜಾರಿಗೆ ಹೋದಾಗ ಇನ್ನೆರಡು ಕೊಂಡಿ ಹಾಕಿಸಬೇಕು.